ತಿಂಗಳಾಯರ ಅರ್ಜಿ

ಮಲ್ಪೆಯಿಂದ ಬಸ್ಸು ಹಿಡಿದು, ಉಡುಪಿ ಕೋರ್ಟಿನೆದುರು
ನನ್ನ ಎಂಟಡಿ ಕೋಣೆಗೆ ವಾಮನ ತಿಂಗಳಾಯರು
ಬಂದದ್ದು ಮಂಗಳವಾರ. ಕೈಯಲ್ಲಿ ಹರಿದ ಬಲೆಯ ತುಂಡು,
ಮೊಬೈಲಿನಲ್ಲಿ ಹನ್ನೊಂದು ಫೋಟೋ.

"ಒಂದು ಅರ್ಜಿ ಬರೆಯಬೇಕಿತ್ತು ಮೇಡಂ."
ಯಾರಿಗೆ?
"ಅದು ಗೊತ್ತಿದ್ದರೆ ನಾನೇ ಬರೆಯುತ್ತಿದ್ದೆ."

ಅರವತ್ತು ಮಾರು ನೀರು. ನಸುಕು.
ಎಳೆಯುವ ಯಂತ್ರ ನರಳಿ ದೋಣಿ ಮಗ್ಗುಲಿಗೆ ವಾಲಿತಂತೆ.
ತಾಂಡೇಲ ತಿಮಿಂಗಿಲವೆಂದನಂತೆ,
ಅಡುಗೆಯ ಹುಡುಗ ದೇವರೆಂದನಂತೆ.
ಮೇಲೆ ಬಂದದ್ದು ಎರಡೂ ಅಲ್ಲ:
ಕರಿದ ಹಪ್ಪಳದ ಹಾಗೆ ಅಂಚು ಮುರುಟಿದ
ಆಳೆತ್ತರದ ಲೋಹದ ಹಂಡೆ.
ಒಳಗೆ ಜೇನುಗೂಡಿನಂಥ ಕಣ್ಣು,
ಕಣ್ಣಲ್ಲಿ ಸಿಕ್ಕಿಕೊಂಡ ಒಂದು ಬೊಂಡಾಸು.
ಹೊರಗೆ, ಉಪ್ಪು ತಿಂದು ಉಳಿಸಿದ ಒಂದೇ ಅಕ್ಷರ.
ಏಳು ಇರಬಹುದು. ಬಾಣವೂ ಇರಬಹುದು.

ಬಲೆ ಹೋಯಿತು, ಎರಡು ಲಕ್ಷ ಹತ್ತು ಸಾವಿರ.
ಐಸು ಕರಗಿತು, ಡೀಸೆಲ್ ಉರಿಯಿತು,
ರಾಣಿಮೀನಿನ ಹನ್ನೆರಡು ದಿನ ಕೈಬಿಟ್ಟಿತು.
ಹಂಡೆ ಮಾತ್ರ ಕರಾವಳಿ ಕಾವಲು ಠಾಣೆಯ ಅಂಗಳದಲ್ಲಿ
ನೀಲಿ ಟಾರ್ಪಾಲು ಹೊದ್ದು ಆರಾಮ.

"ಗುಜರಿಯವ ಕಿಲೋ ಲೆಕ್ಕದಲ್ಲಿ ಕೇಳಿದ. ಕೊಡಬಾರದಂತೆ?"
ಕೊಡಬಾರದು, ಎಂದೆ. ಹಾರಿಸಿದವರದ್ದೇ ಅದು,
ಸುಟ್ಟರೂ, ಮುರಿದರೂ, ಮುಳುಗಿದರೂ.
ಸಿಕ್ಕಿದವರು ಹಿಂದಿರುಗಿಸಬೇಕು.
"ನಮ್ಮಲ್ಲಿ ಕಡಲು ಕೊಟ್ಟದ್ದು ಎಳೆದವನಿಗೆ."
ಇದನ್ನು ಕೊಟ್ಟದ್ದು ಕಡಲಲ್ಲವಲ್ಲ ತಿಂಗಳಾಯರೇ.

ಆ ರಾತ್ರಿ ಕೂತು ಓದಿದೆ. ನನಗಿಂತ ಹಳೆಯ ಒಪ್ಪಂದ.
ಪರದೇಶದ ರಾಕೆಟ್ಟಾದರೆ
ತಪ್ಪು ಯಾರದೆಂಬ ಮಾತೇ ಇಲ್ಲ; ನಮ್ಮ ದಿಲ್ಲಿ ಕೇಳಬೇಕು,
ಅವರ ರಾಜಧಾನಿ ತೆರಬೇಕು.
ನಮ್ಮದೇ ಆದರೆ?
ಒಪ್ಪಂದ ಮನೆಯೊಳಗಿನ ಜಗಳಕ್ಕೆ ಬರುವುದಿಲ್ಲ.
ಮನೆಯಲ್ಲಿ ನೀತಿಯಿದೆ, ಖಾಸಗಿಯವರಿಗೆ ಬಾಗಿಲು ತೆರೆದಿದೆ,
ಕಾಯ್ದೆ ಮಾತ್ರ ಹೊರಟೆ ಹೊರಟೆ ಎನ್ನುತ್ತ
ವರ್ಷಗಳಿಂದ ಚಪ್ಪಲಿ ಹುಡುಕುತ್ತಿದೆ.

ಮರುದಿನ ಹೇಳಿದೆ. ಅವರು ಬಲೆಯ ಗಂಟನ್ನೇ ಬೆರಳಲ್ಲಿ ಬಿಡಿಸುತ್ತ ಕೂತರು.
"ಚಂದ್ರನ ಮೇಲೆ ನಮ್ಮದು ಇಳಿದ ಸಂಜೆ
ಧಕ್ಕೆಯಲ್ಲಿ ಐಸು ಪುಡಿ ಮಾಡುವುದು ನಿಲ್ಲಿಸಿ
ಚಪ್ಪಾಳೆ ಹೊಡೆದವ ನಾನು.
ಈಗ ಇದು ನಮ್ಮದಾಗದಿರಲಿ ಅಂತ
ಹರಕೆ ಹೇಳಿಕೊಳ್ಳಬೇಕಾ?"

ನಾನು ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆಗೆದೆ, ಹಾಕಿದೆ.

"ದೋಣಿಗೆ ಸರ್ಕಾರದ ಪೆಟ್ಟಿಗೆ ಕೂರಿಸಿದ್ದಾರೆ.
ನಾನೆಲ್ಲಿದ್ದೇನೆ, ಗಡಿ ದಾಟಿದೆನಾ,
ಎಲ್ಲ ಮೇಲಿನವರಿಗೆ ಗೊತ್ತು.
ಮೇಲಿನದ್ದು ಎಲ್ಲಿ ಬಿತ್ತೆಂದು ನನಗೆ ಯಾರು ಹೇಳಬೇಕು?"

ಅದನ್ನೂ ಬರೆದುಕೊಂಡೆ, ಮೂರನೆಯ ಪ್ಯಾರಾದಲ್ಲಿ.

ಸಹಿಗೆಂದು ಶನಿವಾರ ನಾನೇ ಮಲ್ಪೆಗೆ ಹೋದೆ.
ದೂರದಲ್ಲಿ ದ್ವೀಪದ ಕಪ್ಪು ಗೀಟು. ಅಲ್ಲಿ
ಯಾವುದೋ ಕಾಲದಲ್ಲಿ ಕಡಲು ದಾಟಿ ಬಂದವನೊಬ್ಬ
ಶಿಲುಬೆ ನೆಟ್ಟು ಹೆಸರಿಟ್ಟನೆಂಬ ಕತೆ.
ಚಂದ್ರನಲ್ಲಿ ಹಾಗೆ ಮಾಡುವಂತಿಲ್ಲ, ಎಂದೆ;
ಧ್ವಜ ನೆಟ್ಟರೂ ನೆಲ ಯಾರದ್ದೂ ಆಗುವುದಿಲ್ಲ.
"ಒಳ್ಳೆಯದು," ಎಂದರು, ಹೆಸರಲ್ಲೇ ತಿಂಗಳಿದ್ದವರು.
"ಆದರೆ ಅಗೆದದ್ದು?"
ಅದರ ವಾದ ಇನ್ನೂ ಮುಗಿದಿಲ್ಲ.
"ಹಾಗಾದರೆ ಅಲ್ಲೂ ಟ್ರಾಲ್ ಬೋಟು ಬರುತ್ತದೆ, ನೋಡಿ."

ಅರ್ಜಿ ನಾಲ್ಕು ಪುಟ. ಲಗತ್ತು: ಫೋಟೋ ಹನ್ನೊಂದು,
ಬಲೆಯ ರಸೀದಿ ಒಂದು, ಪಂಚನಾಮೆಯ ನಕಲು.
"ಇವರಿಗೆ" ಎಂಬಲ್ಲಿ ಜಿಲ್ಲಾಧಿಕಾರಿಯಿಂದ ಮೊದಲಾಗಿ
ಆರು ಹೆಸರು ಬರೆದೆ, ಏಳನೆಯದಕ್ಕೆ
ಜಾಗ ಬಿಟ್ಟೆ.

ಫೀಸು ಬೇಡವೆಂದರೂ ಒಂದು ಕಿಲೋ ಬಂಗುಡೆ
ಮೇಜಿನ ಕೆಳಗಿಟ್ಟು ಹೊರಟರು. ಬಾಗಿಲಲ್ಲಿ ನಿಂತು,
"ಜೆರಾಕ್ಸ್ ಹತ್ತು ಜಾಸ್ತಿ ಮಾಡಿಸಲಾ ಮೇಡಂ?
ಇನ್ನೊಂದು ಬಿದ್ದರೆ
ತಾರೀಕು ತಿದ್ದಿದರೆ ಸಾಕಲ್ಲ."