ಹಂಸ ಕೇಳಿದ ಪುಸ್ತಕ

ನಮ್ಮದು ಪಂಚಾಯತಿ ಗ್ರಂಥಾಲಯ, ನೆಲ್ಯಹುದಿಕೇರಿ.
ಸಂಜೆ ನಾಲ್ಕರಿಂದ ಎಂಟು, ಸೋಮವಾರ ರಜೆ.
ಕೆಳಗಿನ ಎರಡು ಸಾಲು ಖಾಲಿ:
ನೆರೆಯ ವರ್ಷ ಹೊಳೆಯೇ ಒಳಗೆ ಬಂದು
ಅಷ್ಟನ್ನೂ ಓದಿ ಮುಗಿಸಿ
ಚೀಟಿ ಬರೆಸದೆ ಹೊರಟುಹೋಯಿತು.

ಮರದ ಲಾರಿಯ ಹಂಸ ಮೊದಲ ಸಲ ಬಂದ,
ಪಳ್ಳಿಗೆ ಬಂದವನ ಹಾಗೆ
ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ.
'ಅಕ್ಕಾ, ಲಿಥುವೇನಿಯಾಕ್ಕೆ ವೀಸಾ ಬಂತು.
ಅಲ್ಲೂ ಲಾರಿಯೇ, ಇದರ ಮೂರರಷ್ಟು ಉದ್ದ.
ಹೋಗುವ ಮೊದಲು ಓದುವಂಥದ್ದು ಏನಾದರೂ ಇದೆಯಾ?
ದಪ್ಪ ಬೇಡ.'

'ಓದ್ತೀಯಾ?' ಅಂದೆ.
'ಏಳನೇ ಕ್ಲಾಸಿನ ಮೇಲೆ ಓದಿದ್ದು ಮೈಲಿಗಲ್ಲು,
ಚೆಕ್‌ಪೋಸ್ಟಿನ ಪರ್ಮಿಟ್ಟು,
ಮತ್ತೆ ಸಂಪಾಜೆ ಘಾಟಿ. ಅದು ಬಾಯಿಪಾಠ.
ಯಾವ ತಿರುವು ಸುಳ್ಳು ಹೇಳ್ತದೆ ಅಂತ
ನಿದ್ದೆಯಲ್ಲಿ ಕೇಳಿದರೂ ಹೇಳ್ತೇನೆ.'

ಅಟ್ಲಾಸು ತೆಗೆದೆ. ನನ್ನ ಮದುವೆಗಿಂತ ಹಳೆಯದು.
ಅವನ ದೇಶ ಅದರಲ್ಲಿ ಇರಲಿಲ್ಲ.
ಆ ಜಾಗವೆಲ್ಲ ಒಂದೇ ಗುಲಾಬಿ ಬಣ್ಣ,
ಹೊಲಿಗೆ ದಾಟಿ ಆಚೆ ಪುಟದ ಅಂಚಿನ ತನಕ.
ಹಂಸ ಬೆರಳಿಟ್ಟು ನೋಡಿದ:
'ನಾನು ಹೋಗ್ತೇನಂತ ಇವರಿಗೆ ಗೊತ್ತಿರಲಿಲ್ಲ.'

ಆಮೇಲೆ ಮಕ್ಕಳ ಕಪಾಟಿನದು ಒಂದು,
ರಟ್ಟು ಹೋಗಿದೆ, ಹೆಸರೂ ಹೋಗಿದೆ.
ಉತ್ತರದ ಯಾವುದೋ ಊರು, ಒಬ್ಬಳು ಹುಡುಗಿ,
ಕಳೆದುಹೋದ ಒಂದು ಕಾಲಿನ ಬೂಟು.
'ಇಡೀ ರಾತ್ರಿ ಮಂಜು ಬಿತ್ತು,' ಓದಿದೆ.
'ಓ, ಮಂಜು!' ಹಂಸನಿಗೆ ಜೀವ ಬಂತು.
'ಮಂಜಲ್ಲಿ ಓಡಿಸಿ ಗೊತ್ತು. ಹಳದಿ ಲೈಟು ಹಾಕಿ
ಎಡಗಡೆಯ ಹುಲ್ಲು ಹಿಡಿದು ಹೋದರಾಯಿತು.'

ಆಗ ನನಗೆ ಭಯವಾಯಿತು.
ಇದೇ ಎರಡಕ್ಷರ.
ಬೆಳಿಗ್ಗೆ ಸೇತುವೆಯ ಮೇಲೆ ಕೂತು
ಹತ್ತು ಗಂಟೆಗೆ ಎದ್ದುಹೋಗುವುದೂ ಮಂಜು.
ಪುಸ್ತಕದ್ದು ಏಳುವುದಿಲ್ಲ.
ಅದಕ್ಕೆ ತೂಕ ಇದೆ, ಸಲಿಕೆ ಬೇಕು.
ಯಾರೋ ಅನುವಾದಕ, ಸಂಜೆ ದಣಿವಿಗೆ,
ಎರಡನ್ನೂ ಒಂದೇ ಪಾತ್ರೆಗೆ ಸುರಿದಿದ್ದ.
'ಅದಲ್ಲ ಇದು,' ಅಂದೆ. 'ಫ್ರಿಜ್ಜಿನ ಒಳಗೋಡೆ ನೆನಪು ಮಾಡು.
ಅದರ ಮೇಲೆ ಲಾರಿ.'
ಹಂಸ ಸುಮ್ಮನಾದ.

ಪೇಪರಿನ ಮೇಜಿನಿಂದ ಬಿಪುಲ್ ತಲೆಯೆತ್ತಿದ.
ಅಸ್ಸಾಮಿನವನು, ತೋಟದ ಲೈನಿನಲ್ಲಿ ವಾಸ,
ದಿನಾ ಬಂದು ಒಂದೊಂದು ಜಾಹೀರಾತು ಕೂಡಿಸಿ ಓದುತ್ತಾನೆ.
ಅವನನ್ನು ಕುಶಾಲನಗರದಿಂದ
ಪಿಕಪ್ಪಿನ ಹಿಂದೆ ನಿಲ್ಲಿಸಿಕೊಂಡು ತಂದದ್ದು ಇದೇ ಹಂಸ,
ಹದಿನಾಲ್ಕು ಜನರ ಜೊತೆ.
'ನೀನೇನು ಓದಿ ಬಂದೆ ಮಾರಾಯ?'
ಇಷ್ಟು ವರ್ಷದಲ್ಲಿ ಅವನಿಗೆ ಕೇಳಿದ ಮೊದಲ ಪ್ರಶ್ನೆ ಇರಬೇಕು.

'ಏನೂ ಇಲ್ಲ,' ಬಿಪುಲ್ ಅಂದ.
'ಮೊದಲು ಸಿಕ್ಕಿದ ಪದ, ನಾಳೆ.
ಸಂಬಳ ಕೇಳಿದರೆ ರೈಟರು, ನಾಳೆ.
ಆಧಾರ್ ಆಫೀಸು, ನಾಳೆ.
ನಾಳೆ ಅಂದರೆ ಇಲ್ಲ ಅಂತ ತಿಳ್ಕೊಂಡೆ.
ಲೈನಿನ ಚೋಮಿ ಒಂದಿನ ಹೇಳಿದಳು,
ನಾಳೆ ಬಾ, ಏಡಿ ಸಾರು ಮಾಡ್ತೇನೆ.
ನಾನು ಹೋಗಲಿಲ್ಲ.
ಅವಳು ಒಲೆ ಆರಿಸದೆ ಕಾದಿದ್ದಳಂತೆ.'

ಮೂವರಲ್ಲಿ ಯಾರೂ ನಗಲಿಲ್ಲ.
ಹಂಸ ರಟ್ಟಿಲ್ಲದ್ದನ್ನೇ ಎತ್ತಿಕೊಂಡ.
ಬರೆದೆ: ಅವಧಿ ಹದಿನೈದು ದಿನ,
ತಪ್ಪಿದರೆ ದಿನಕ್ಕೆ ಹತ್ತು ಪೈಸೆ.
'ಹತ್ತು ಪೈಸೆ ಎಲ್ಲಿಂದ ತರಲಿ,' ಅಂದ, ಹೋದ.

ಹುತ್ತರಿಯ ಪಟಾಕಿ ನಿಂತ ಮರುದಿನ
ಫೋನಿನಲ್ಲಿ ಅವನ ದನಿ, ಹಿಂದೆ ವೈಪರಿನ ಸದ್ದು:
'ಅಕ್ಕಾ, ಇಲ್ಲಿ ಎರಡು ಪದ.
ಎದ್ದುಹೋಗುವುದು ರೂಕಸ್.
ಕೂತೇ ಇರುವುದು ಸ್ನಿಯೇಗಸ್.
ನಾಳೆಗೆ ರೀತೋಯ್ ಅಂತಾರೆ.
ಅದರ ಅರ್ಥ ಇನ್ನೂ ಗೊತ್ತಾಗಿಲ್ಲ.'

ಹಾಲು ನೀರು ಬೇರೆ ಮಾಡಿದ್ದ, ಹೆಸರಿಗೆ ತಕ್ಕ ಹಾಗೆ.
ಗುಲಾಬಿ ಬಣ್ಣದ ಮೇಲೆ ಪೆನ್ಸಿಲಿನಲ್ಲಿ
ಆ ಮೂರೂ ಪದ ಬರೆದಿಟ್ಟೆ.
ಆಡಿಟ್‌ನವರು ಬಂದರೆ ಪುಸ್ತಕದ ಲೆಕ್ಕವನ್ನು
ಹೊಳೆಯ ಖಾತೆಗೇ ಸೇರಿಸುವುದು.

ಬಿಪುಲ್ ಈಗ ತಲೆಬರಹಗಳಿಗೆ ಬಂದಿದ್ದಾನೆ.
ಮೊನ್ನೆ ಅಟ್ಲಾಸು ಕೇಳಿ ತೆಗೆಸಿ,
'ನೆಲ್ಯಹುದಿಕೇರಿ ಎಲ್ಲಿ?' ಅಂದ.
ಇಬ್ಬರೂ ಎಂಟು ಗಂಟೆಯ ತನಕ ಹುಡುಕಿದೆವು.