ಕಲಾಮಾದಲ್ಲಿ ಒಂದು ಗುಳ್ಳೆ

ಗಾಳಿ ರಾತ್ರಿ ಮೂವತ್ತೆರಡು, ಬೆಳಿಗ್ಗೆ ಇಪ್ಪತ್ತು.
ಮೂರು ವಾರದಿಂದ ಒರ್ತೆನ್ಸಿಯಾಳ ಟ್ಯಾಕ್ಸಿ
ಮುಂದಿನ ಬಲಗಾಲು ಎಳೆಯುತ್ತಿದೆ.

ಮೊಳೆಯಿಲ್ಲ, ಗಾಜಿಲ್ಲ.
ವಾಲ್ವಿಗೆ ಎಂಜಲು ಹಚ್ಚಿ ನೋಡಿದ ಎಲಿಸೆಯೋ:
ಸುಮ್ಮನಿತ್ತು.
ಸೋಪಿನ ನೊರೆ ಬಳಿದ, ಕಿವಿಗೊಟ್ಟ,
ರೇಡಿಯೋ ಆರಿಸೆಂದು ಮಗನಿಗೆ ಗದರಿದ.

ಕೊನೆಗೆ ತೊಟ್ಟಿ.
ಹನಿಗೂ ಲೆಕ್ಕವಿಡುವ ಮರುಭೂಮಿಯಲ್ಲಿ
ಮೂರು ದಿನದ ಬೂದು ನೀರು.
ಚಕ್ರ ಮುಳುಗಿತು. ಕಾದರು.
ಅವಳು ಅರ್ಧ ಎಂಪನಾಡ ತಿಂದಳು.

ಆಗ ಬಂತು,
ರಬ್ಬರಿನಿಂದಲ್ಲ, ರಿಮ್ಮಿನ ಅಂಚಿನಿಂದ,
ಸಾಸಿವೆಯಷ್ಟು. ಹತ್ತು ಎಣಿಸಿದರೆ ಇನ್ನೊಂದು.
ಉಪ್ಪು ತಿಂದ ಕಬ್ಬಿಣ
ನೀರು ಕುಡಿದು ಬಾಯಿಬಿಟ್ಟಿತ್ತು.

"ಉಪ್ಪಿನ ಬಯಲಿಗೆ ಯಾರನ್ನು ಕರೆದೊಯ್ದಿದ್ದೆ,
ಅಷ್ಟು ಸಲ?"

ಅವಳು ತಂತಿಬ್ರಶ್ಶು ಎತ್ತಿಕೊಂಡು
ತಾನೇ ಉಜ್ಜತೊಡಗಿದಳು.