ಇರಲಿ

ಮೊದಲ ಪ್ರತಿ ಮರಳಿ ಬಂದಾಗ ಹೆಣ ಬದುಕಿತ್ತು.
ಎಪ್ಪತ್ತೊಂದನೆಯ ಪುಟದ ಅಂಚಿನಲ್ಲಿ ಪೆನ್ಸಿಲು:
"ಇವರು ಮೂರನೇ ಅಧ್ಯಾಯದಲ್ಲಿ ತೀರಿಕೊಂಡರಲ್ಲ,
ಇಲ್ಲಿ ಕೂತು ಚಾ ಕುಡಿಯುತ್ತಿದ್ದಾರೆ."

ಬೇಳದ ಐರಿನ್ ಕ್ರಾಸ್ತಾ. ಮನೆಯೊಳಗೆ ಕೊಂಕಣಿ,
ಬಸ್ಸಿನಲ್ಲಿ ಮಲಯಾಳ, ಮೀನಿನವಳಲ್ಲಿ ತುಳು,
ಕನ್ನಡಕ್ಕೆ ಪುಟವೊಂದಕ್ಕೆ ಮೂವತ್ತು ರೂಪಾಯಿ.
ಯಾವ ಪ್ರಕಾಶಕನ ಸಂಬಳದವರೂ ಅಲ್ಲ.
ಅರ್ಧ ಮುಂಗಡ. ಉಳಿದರ್ಧ
ಕೊಲೆಗಾರ ಸಿಕ್ಕಿದ ಮೇಲೆ ಸಾಕು, ಅಂದಿದ್ದರು, ನಗದೆ.

ನಾನು ಕುಂಬಳೆಯಲ್ಲಿ ಆಧಾರ ಬರೆಯುವವನು.
ಹಗಲಿಡೀ ಮಲಯಾಳದಲ್ಲಿ ಚತುಸ್ಸೀಮೆ:
ಮೂಡಕ್ಕೆ ತೋಡು, ತೆಂಕಕ್ಕೆ ಮೊಯ್ದು ಹಾಜಿಯ ಕಟ್ಟಪುಣಿ,
ಬಡಗಕ್ಕೆ ತಕರಾರು.
ರಾತ್ರಿ ಹತ್ತರ ಮೇಲೆ ಕನ್ನಡದಲ್ಲಿ ಕೊಲೆ.

"ಬೆಳದಿಂಗಳಲ್ಲಿ ಚೂರಿ ಫಳಫಳ ಅಂತೀರಿ,
ಹಿಂದಿನ ಪುಟದಲ್ಲಿ ಅಮಾವಾಸ್ಯೆ. ಒಂದನ್ನು ಬಿಡಿ."
ನಾನು ಚೂರಿ ಬಿಟ್ಟೆ, ವಿಷ ಹಿಡಿದೆ.
"ವಿಷ ಕೊಂಡದ್ದೆಲ್ಲಿ? ಉಪ್ಪಳದಂಥ ಊರಲ್ಲಿ
ಅಂಗಡಿಯವ ಮನೆಗೆ ಹೋಗಿ ಹೆಂಡತಿಗೆ ಹೇಳುವುದಿಲ್ಲವೆ?"
ಎಸ್ಸೈ ಮಾಲಿಂಗ ಒಂದೇ ಕಾದಂಬರಿಯಲ್ಲಿ
ಹದಿನೇಳು ಸಲ ಹುಬ್ಬು ಗಂಟಿಕ್ಕಿದ್ದ.
ಹದಿನಾರನ್ನು ಅವರು ಬಿಚ್ಚಿದರು.

ಪ್ರತಿಗಳು ಸೀತಾಂಗೋಳಿ ಬಸ್ಸಿನಲ್ಲಿ
ಡ್ರೈವರನ ಸೀಟಿನ ಹಿಂದೆ ಕೂತು ಹೋಗಿ ಬರುತ್ತಿದ್ದವು.
ಕಂಡಕ್ಟರ್ ಚೋಮು ದಾರಿಯಲ್ಲಿ ಬಿಚ್ಚಿ ಓದಿ,
"ಡಾಕ್ಟರೇ ಅಲ್ಲವಾ?" ಅಂದ ಒಂದು ದಿನ.
ಡಾಕ್ಟರೇ ಆಗಿದ್ದ. ಐರಿನ್ ಅವರಿಗೆ ಹೇಳಿದೆ.
"ಹಾಗಾದರೆ ಬದಲಿಸಿ."

ಒಮ್ಮೆ ಮಾತ್ರ ಉದ್ದಕ್ಕೆ ಬರೆದರು:
"ಮಹಜರು ಮಲಯಾಳದಲ್ಲಿ. ದೋಣಿಯವನು ಬ್ಯಾರಿ.
ಸತ್ತವಳ ಮನೆಮಾತು ತುಳು.
ನಿಮ್ಮಲ್ಲಿ ಎಲ್ಲರೂ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ.
ಹೊಳೆಗೆ ಬೀಳುವಾಗ ಈ ಹೆಂಗಸು
ಯಾವ ಭಾಷೆಯಲ್ಲಿ ಕೂಗಿದಳು?"

ಹನ್ನೊಂದು ದಿನ ಕಾದಂಬರಿ ಮುಟ್ಟಲಿಲ್ಲ.
ಒಂದು ಆಧಾರದಲ್ಲಿ ಬಡಗನ್ನೂ ತೆಂಕನ್ನೂ
ಅದಲುಬದಲು ಮಾಡಿ ಬೈಸಿಕೊಂಡೆ.
ಆಮೇಲೆ "ಕಾಪಾಡಿ! ಕಾಪಾಡಿ!" ಹೊಡೆದು ಬರೆದೆ:
ಅಪ್ಪೇ.
ಅದರ ಪಕ್ಕದಲ್ಲಿ ಪೆನ್ಸಿಲು ಏನೂ ಹೇಳಲಿಲ್ಲ.

ಮೂರನೆಯ ಪುಸ್ತಕಕ್ಕೆ ಅವರೇ ಬಂದರು.
ಸ್ಟೇಷನ್ನಿನೆದುರು ಹೋಟೆಲು. ಗೋಳಿಬಜೆಯ ಎಣ್ಣೆ ತಾಗದಂತೆ
ಮೂರೂ ಪ್ರತಿಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು:
"ಈ ಹುಡುಗ ಯಾರು?"
ಒಂದರಲ್ಲಿ ಗೇಟ್‌ಮ್ಯಾನನ ಮಗ, ಒಂದರಲ್ಲಿ ಹಾಲಿನವ,
ಇದರಲ್ಲಿ ಗಾಳ ಹಿಡಿದು ಶಿರಿಯ ಹೊಳೆಯ ದಡದಲ್ಲಿ.
"ನೋಡುತ್ತಾನೆ, ಬಾಯಿ ಬಿಡುವುದಿಲ್ಲ, ಹೋಗುತ್ತಾನೆ.
ಮಾಲಿಂಗ ಇವನನ್ನು ಒಂದು ಸಲವೂ ವಿಚಾರಿಸುವುದಿಲ್ಲ.
ಕಥೆಗೆ ಬೇಡದವ. ತೆಗೆಯಲೆ?"

ಗೂಡ್ಸು ಬಂತು. ಲೋಟಗಳು ನಡುಗಿದವು.
ಅಷ್ಟೂ ಡಬ್ಬಿಗಳು ದಾಟುವವರೆಗೆ ನನಗೆ ಬಿಡುವಿತ್ತು.
ಕೆಳಮನೆಯ ಜಲಜಕ್ಕ. ನನಗೆ ಒಂಬತ್ತು ವರ್ಷ.
ಅವರು ಹೊಳೆಗೆ ಇಳಿದದ್ದು ಕಂಡಿತ್ತು.
ಕೂಗಬಹುದಿತ್ತು.
ಗಾಳಕ್ಕೆ ಆಗಷ್ಟೇ ಏನೋ ಕಚ್ಚಿತ್ತು.

ಹೇಳಿದೆನೋ, ಬರೀ ಚಾ ಕುಡಿದೆನೋ,
"ತೆಗೆಯಿರಿ" ಅಂದದ್ದು ಮಾತ್ರ ನೆನಪಿದೆ.

ಪ್ರತಿ ನಿನ್ನೆ ಬಂತು.
ಹುಡುಗನ ಮೈಮೇಲೆ ಒಂದು ಗೆರೆ, ತಲೆಯಿಂದ ಗಾಳದ ತನಕ.
ಗೆರೆಯ ಕೆಳಗೆ ಚುಕ್ಕಿ, ಚುಕ್ಕಿ, ಚುಕ್ಕಿ,
ಅಂಚಿನಲ್ಲಿ ಮೂರಕ್ಷರ: ಇರಲಿ.

ಅದರಡಿ ಇನ್ನೂ ಸಣ್ಣಗೆ:
"ಅಮಾವಾಸ್ಯೆ, ಸಂಜೆ ಐದೂವರೆ ಎಂದು ಬರೆದಿದ್ದೀರಿ.
ಆ ಹೊತ್ತಿಗೆ ಶಿರಿಯದಲ್ಲಿ ಇಳಿತ. ದೋಣಿಯವರಲ್ಲಿ ಕೇಳಿ ಬಂದೆ,
ಅಲ್ಲಿ ನೀರು ಮೊಣಕಾಲಿಗೆ.
ದಡದಲ್ಲಿ ಬೇರೆ ಯಾರಿದ್ದರು?
ಹುಡುಗನನ್ನು ಇನ್ನೊಮ್ಮೆ ಕೇಳಿ."

ಆ ಹೊತ್ತನ್ನು ನಾನು ಕಟ್ಟಿದ್ದಲ್ಲ.
ಉಳಿದರ್ಧ ಹಣ ಇನ್ನೂ ಕಳಿಸಿಲ್ಲ.